ಬೆರಳಿಗೆ ಗೊತ್ತಿದ್ದ ಸಂಖ್ಯೆ

ಮೂರು ಇಪ್ಪತ್ತಕ್ಕೆ ಎಂಡೆಲ್ ಎರಡನೇ ಸಲವೂ ತಪ್ಪು ಸಂಖ್ಯೆ ಒತ್ತಿದ. ಹಳ್ಳಿಯ ಗ್ರಂಥಾಲಯದ ಕಂಪ್ಯೂಟರು ಟಣ್ ಎಂದು ಸದ್ದು ಮಾಡಿ, ಇನ್ನು ಉಳಿದಿರುವುದು ಒಂದೇ ಅವಕಾಶ ಎಂದು ಕೆಂಪು ಅಕ್ಷರದಲ್ಲಿ ತೋರಿಸಿತು.

“ನಾನು ಸರಿಯಾಗೇ ಒತ್ತಿದ್ದು,” ಎಂದ ಎಂಡೆಲ್. “ಈ ಡಬ್ಬಾಕ್ಕೇ ಕಿವಿ ಕೇಳಲ್ಲ.”

“ಕೈ ತೆಗಿ ಅಲ್ಲಿಂದ!” ಎಂದಳು ಸಾಲ್ಮೆ. “ಇನ್ನೊಂದು ಸಲ ಮುಟ್ಟಿದ್ಯೋ, ನಿನ್ನನ್ನೇ ಹೊಗೆಗೆ ತೂಗಿಹಾಕ್ತೀನಿ.”

ಅದು ಬರೀ ಬಾಯಿಮಾತಲ್ಲ. ದೋಣಿಗಟ್ಟೆಯ ಅಂಚಿನಲ್ಲಿ ಅವಳದೊಂದು ಹೊಗೆಮನೆ ಇತ್ತು. ಅಮ್ಮ ಕಟ್ಟಿಸಿದ್ದು, ಹಲಗೆಗಳೆಲ್ಲ ಕಪ್ಪಾಗಿ ಕಬ್ಬಿಣದ ಹಾಗೆ ಹೊಳೆಯುತ್ತಿದ್ದವು. ಮೂವತ್ತು ವರ್ಷದಿಂದ ಅವಳು ಅಲ್ಲಿ ಚಪ್ಪಟೆ ಮೀನು ತೂಗುಬಿಟ್ಟು ಹೊಗೆ ಕೊಡುತ್ತಿದ್ದಳು. ಈಗ ಆ ದೋಣಿಗಟ್ಟೆಯನ್ನೇ ರಾಜಧಾನಿ ಟಾಲಿನ್ನಿನ ಯಾವುದೋ ವಿಹಾರದೋಣಿ ಕಂಪನಿಗೆ ಇಪ್ಪತ್ತೈದು ವರ್ಷದ ಮಟ್ಟಿಗೆ ಕೊಡಲು ಪುರಸಭೆ ಹೊರಟಿತ್ತು. ಕೊಟ್ಟರೆ, ವಸಂತಕ್ಕೆ ಹೊಗೆಮನೆ ನೆಲಸಮ. ತಕರಾರು ಇದ್ದರೆ ಇವತ್ತು ನಾಲ್ಕು ಗಂಟೆಯೊಳಗೆ ಹಳ್ಳಿ ಸಂಘ ಕಳಿಸಬೇಕು, ಮಂಡಳಿಯ ಇಬ್ಬರ ಸಹಿಯೂ ಇರಬೇಕು. ಮಂಡಳಿಯಲ್ಲಿ ಉಳಿದಿದ್ದವರು ಸಾಲ್ಮೆ ಮತ್ತು ಎಂಡೆಲ್, ಇಬ್ಬರೇ. ಸಾಲ್ಮೆ ಬೆಳಿಗ್ಗೆಯೇ ತನ್ನ ಗುರುತಿನ ಕಾರ್ಡನ್ನು ಇದೇ ಕಂಪ್ಯೂಟರಿಗೆ ತೂರಿಸಿ ಸಹಿ ಹಾಕಿದ್ದಳು. ಎಂಡೆಲ್ ಮಾತ್ರ ಬಲೆ ಮೊದಲು, ಸಹಿ ಆಮೇಲೆ ಎಂದು ಸಮುದ್ರಕ್ಕೆ ಹೋಗಿದ್ದವನು ಮೂರು ಗಂಟೆಗೆ ಗಂಬೂಟಿನಲ್ಲೇ ಬಂದು ಕೂತಿದ್ದ.

“ಎಂಡೆಲ್ ಮಾಮ, ನಿಧಾನ,” ಎಂದಳು ಗ್ರಂಥಪಾಲಕಿ ಮೆರ್ಲೆ. “ಸಹಿ ಹಾಕೋದು ಕಂಪ್ಯೂಟರಲ್ಲ, ನಿಮ್ಮ ಕಾರ್ಡಿನೊಳಗಿರೋ ಚಿಪ್. ಸಹಿಯ ಕೀಲಿ ಅದರ ಹೊಟ್ಟೆಯೊಳಗೇ ಇದೆ, ಯಾರು ಕೇಳಿದ್ರೂ ಹೊರಗೆ ಕೊಡಲ್ಲ. ಮೂರನೇ ಸಲ ತಪ್ಪಿದ್ರೆ ಪೂರ್ತಿ ಬಾಗಿಲು ಹಾಕ್ಕೊಳ್ಳತ್ತೆ.”

“ಬಾಗಿಲು ತೆಗೆಸೋ ನಂಬರು ಒಂದು ಲಕೋಟೆಯಲ್ಲಿ ಕೊಟ್ಟಿದ್ರಲ್ಲ?” ಎಂದಳು ಸಾಲ್ಮೆ. “ಅದೆಲ್ಲಿ?”

“ಭದ್ರವಾಗಿರ್ಲಿ ಅಂತ ಸೌನಾದ ತೊಲೆಯ ಮೇಲಿಟ್ಟಿದ್ದೆ.”

ಎಂಡೆಲ್‌ನ ಸೌನಾ, ಆ ಉಗಿಸ್ನಾನದ ಮನೆ, ಹೋದ ಚಳಿಗಾಲದಲ್ಲಿ ಸುಟ್ಟು ಬೂದಿಯಾಗಿತ್ತು. ಇಡೀ ಹಳ್ಳಿಯೇ ಬಕೆಟ್ಟು ಹಿಡಿದು ಓಡಿತ್ತು. ಸಾಲ್ಮೆ ಹಣೆ ಚಚ್ಚಿಕೊಂಡಳು. ಕಾಗದದ ಮೇಲೆ ಸಹಿ ಹಾಕಿಸಿ ಒಯ್ಯೋಣವೆಂದರೆ ಪಟ್ಟಣಕ್ಕೆ ಒಂದೂಕಾಲು ಗಂಟೆಯ ದಾರಿ.

“ಸಹಿಗೆ ಬೇಕಾಗಿರೋದು ಎರಡನೇ ಪಿನ್ನು, ಐದಂಕೀದು. ನೀನು ಮೊದಲನೇ ನಾಲ್ಕಂಕೀದು ಒತ್ತಿಲ್ಲ ತಾನೆ?” ಎಂದಳು ಸಾಲ್ಮೆ.

“ಐದೇ ಒತ್ತಿದೀನಿ ಮಾರಾಯ್ತಿ.”

“ಸರಿ, ಆ ಐದನ್ನ ಮನಸ್ಸಿನಲ್ಲೇ ಒಂದ್ಸಲ ಹೇಳ್ಕೊ.”

ಎಂಡೆಲ್ ಟೋಪಿ ತೆಗೆದು ತಲೆ ಕೆರೆದ. “ಹೇಳ್ಕೊಳ್ಳೋಕೆ ನನಗೆಲ್ಲಿ ಗೊತ್ತು? ನನ್ನ ಬೆರಳಿಗೆ ಗೊತ್ತು.”

“ಏನಂದೆ?”

“ಬಲೆಯ ಗಂಟು ಹೇಗೆ ಹಾಕ್ತೀಯ ಅಂತ ಕೇಳಿದ್ರೆ ಹೇಳೋಕಾಗತ್ತಾ? ದಾರ ಕೊಡು, ಹಾಕಿ ತೋರಿಸ್ತೀನಿ. ಇದೂ ಹಾಗೇ. ಎಂಟು ವರ್ಷದಿಂದ ಮನೇಲಿ ನನ್ನ ಕಾರ್ಡ್ ರೀಡರಲ್ಲೇ ಒತ್ತಿದೀನಿ. ಅದರಲ್ಲೇ ಗುಂಡಿಗಳಿದ್ವು. ಹೋದ ವಾರ ಬೆಕ್ಕು ಅದನ್ನ ಉಪ್ಪುನೀರಿನ ಬಕೆಟ್ಟಿಗೆ ಕೆಡವಿತು ನೋಡು, ಅದಕ್ಕೇ ಇಲ್ಲಿಗೆ ಬಂದೆ.”

“ಬೆಕ್ಕಿಗೆ ಸಹಿ ಹಾಕೋಕೆ ಬರ್ತಿದ್ರೆ ನಿನ್ನನ್ನ ಕರೀತಾನೇ ಇರ್ಲಿಲ್ಲ,” ಎಂದಳು ಸಾಲ್ಮೆ. ಗಡಿಯಾರ ಮೂರು ಮೂವತ್ತೆಂಟು ತೋರಿಸುತ್ತಿತ್ತು.

ಉಳಿದ ದಾರಿ ಒಂದೇ, ಪುರಸಭೆಗೆ ಫೋನು ಮಾಡಿ ನಾಳೆಯವರೆಗೆ ಸಮಯ ಕೇಳುವುದು. ಸಾಲ್ಮೆ ಮಾಡಿದಳು. ಯಂತ್ರದ ದನಿ ಬಂತು: ದೂರಿಗೆ ಒಂದು, ಜಮೀನಿಗೆ ನಾಲ್ಕು ಒತ್ತಿ. ಅವಳು ಫೋನಿನ ಪರದೆಯಲ್ಲಿ ನಾಲ್ಕು ಹುಡುಕಿ ಒತ್ತಿದಳು. ಗಂಟೆ ಹೊಡೆಯಿತು, ಹೊಡೆಯಿತು, ಯಾರೂ ಎತ್ತಲಿಲ್ಲ. ಕಾಯುತ್ತ ಅವಳ ಕಣ್ಣು ಫೋನಿನ ಅಂಕಿಗಳ ಮೇಲೇ ಇತ್ತು. ಮೇಲಿನ ಸಾಲು ಒಂದು, ಎರಡು, ಮೂರು. ಅಲ್ಲಿಂದ ಕಣ್ಣು ಎಂಡೆಲ್‌ನ ಮುಂದಿದ್ದ ಕೀಲಿಮಣೆಗೆ ಹೋಯಿತು. ಅದರ ಬಲಗಡೆಯ ಅಂಕಿಗಳಲ್ಲಿ ಮೇಲಿನ ಸಾಲು ಏಳು, ಎಂಟು, ಒಂಬತ್ತು.

ಫೋನು ಅವಳ ಕಿವಿಯಿಂದ ಇಳಿಯಿತು.

“ಎಂಡೆಲ್, ನಿನ್ನ ರೀಡರಲ್ಲಿ ಮೇಲ್ಗಡೆ ಒಂದಿತ್ತಾ, ಏಳಿತ್ತಾ?”

“ಅದನ್ನೆಲ್ಲ ಯಾರು ನೋಡ್ತಾರೆ?”

“ನಿನ್ನ ಬೆರಳು ಹಾದಿ ಮರೆತಿಲ್ಲ ಕಣೋ! ಇಲ್ಲಿ ಹಾದೀನೇ ತಲೆಕೆಳಗಾಗಿದೆ. ನಿನ್ನ ಆ ಹಳೇ ಫೋನು ತೆಗಿ.”

ಎಂಡೆಲ್‌ನ ಜೇಬಿನಲ್ಲಿದ್ದದ್ದು ಗುಂಡಿ ಒತ್ತುವ ಫೋನು, ಮೀನಿನ ಪೊರೆ ಅಂಟಿಕೊಂಡಿತ್ತು. ಕಣ್ಣು ಮುಚ್ಚಿ ಅದರಲ್ಲಿ ಬೆರಳಾಡಿಸು, ಆಮೇಲೆ ಪರದೆಯಲ್ಲಿ ಬಂದಿರೋ ಸಂಖ್ಯೆ ನೋಡ್ಕೊ ಎಂದಳು ಸಾಲ್ಮೆ. ಹೇಳಿದ ಮರುಕ್ಷಣ ಅವಳೂ ಮೆರ್ಲೆಯೂ ಗೋಡೆಗೆ ಮುಖ ತಿರುಗಿಸಿ ನಿಂತರು. ಇನ್ನೊಬ್ಬರ ಪಿನ್ನು ನೋಡುವುದೆಂದರೆ ಸೌನಾದ ಬಾಗಿಲನ್ನು ಬಡಿಯದೆ ತೆಗೆದ ಹಾಗೆ.

“ಬಂತು,” ಎಂದ ಎಂಡೆಲ್ ಹಿಂದಿನಿಂದ. “ಇದೇನಾ ನನ್ನ ನಂಬರು? ಚೆನ್ನಾಗಿಲ್ಲ.”

“ರೀಡರಲ್ಲಿ ಮೇಲ್ಗಡೆ ಏಳೇ ಇದ್ದಿದ್ರೆ?” ಎಂದು ಮೆರ್ಲೆ ಪಿಸುಗುಟ್ಟಿದಳು. “ಸಾಲ್ಮೆ, ಇದು ಕೊನೇದು.”

ಏಳಿದ್ದಿದ್ದರೆ ಮೊದಲ ಸಲವೇ ಸರಿಹೋಗಬೇಕಿತ್ತಲ್ಲ ಎಂದು ಸಾಲ್ಮೆ ಲೆಕ್ಕ ಹಾಕಿದಳು. ಮುದುಕನ ಬೆರಳೇ ಸಡಿಲವಾಗಿದ್ದರೆ ಎಂಬ ಯೋಚನೆಯೂ ಬೆನ್ನಿಗೇ ಬಂತು. ತನ್ನ ಕೋಟಿನ ತೋಳಿನಲ್ಲಿದ್ದ ಹೊಗೆಯ ವಾಸನೆ ಒಮ್ಮೆಲೇ ಮೂಗಿಗೆ ಬಡಿಯಿತು.

“ಒತ್ತು,” ಎಂದಳು. “ಬಲಗಡೆ ಅಂಕಿಗಳ ಹತ್ರ ಹೋಗ್ಬೇಡ. ಅಕ್ಷರಗಳ ಮೇಲೆ ಉದ್ದಕ್ಕೆ ಒಂದು ಸಾಲಿದ್ಯಲ್ಲ, ಅಲ್ಲಿ. ಒಂದೊಂದೇ ನೋಡ್ಕೊಂಡು.”

ಟಕ್. ಟಕ್. ಗೋಡೆಯ ಮೇಲೆ ದ್ವೀಪದ ನಕ್ಷೆ ಇತ್ತು. ಸಾಲ್ಮೆ ಅದರಲ್ಲಿ ತಮ್ಮ ದೋಣಿಗಟ್ಟೆ ಹುಡುಕುತ್ತಿದ್ದಳು. ಟಕ್. ಟಕ್. ಆಮೇಲೆ ಸದ್ದಿಲ್ಲ.

“ಎಂಡೆಲ್?”

“ಕನ್ನಡಕ ಮಂಜಾಗಿದೆ, ತಡಿ.”

ಒರೆಸುವ ಸದ್ದು. ಉಸಿರು. ಟಕ್. ಆಮೇಲೆ ದೊಡ್ಡ ಗುಂಡಿಯ ಠಪ್. ಚಿಪ್ ಯೋಚಿಸಲು ತೆಗೆದುಕೊಳ್ಳುವುದು ಒಂದೆರಡು ಗಳಿಗೆ. ಸಾಲ್ಮೆಗೆ ಒಂದು ಬುಟ್ಟಿ ಮೀನಿಗೆ ಹೊಗೆ ಕೊಡುವಷ್ಟು ಹೊತ್ತಾಯಿತು ಅನ್ನಿಸಿತು.

ಟಣ್ ಎನ್ನುವ ಸದ್ದು ಬರಲಿಲ್ಲ.

“ಹಸಿರು ಬಂತು,” ಎಂದ ಎಂಡೆಲ್. “ಹಸಿರು ಒಳ್ಳೇದಾ?”

ಮೆರ್ಲೆ ಅವನನ್ನು ಕುರ್ಚಿಸಮೇತ ಪಕ್ಕಕ್ಕೆ ತಳ್ಳಿ ಅರ್ಜಿ ಕಳಿಸಿದಳು. ಮೂರು ಐವತ್ತಾರಕ್ಕೆ ಪುರಸಭೆಯ ಉತ್ತರ ಬಂತು: ತಕರಾರು ದಾಖಲಾಗಿದೆ, ಸಹಿಗಳು ಎರಡೂ ಊರ್ಜಿತ. ಅದನ್ನು ವಿಚಾರಣೆ ಮಾಡಿ ಮುಗಿಸುವ ತನಕ ದೋಣಿಗಟ್ಟೆಯನ್ನು ಯಾರಿಗೂ ಕೊಡುವಂತಿರಲಿಲ್ಲ. ಸಾಲ್ಮೆ ಮಕ್ಕಳ ಪುಸ್ತಕದ ಕಪಾಟಿಗೆ ಒರಗಿ ಹಾಗೇ ನೆಲಕ್ಕೆ ಕುಸಿದು ಕೂತಳು.

ಎಂಡೆಲ್ ಮಾತ್ರ ಮುಖ ಸಿಂಡರಿಸಿಕೊಂಡಿದ್ದ. “ಎಂಟು ವರ್ಷ ಬೆರಳೊಂದಕ್ಕೇ ಗೊತ್ತಿತ್ತು, ಸುಖವಾಗಿದ್ದೆ. ಈಗ ತಲೆಗೂ ಗೊತ್ತಾಗೋಯ್ತು. ಇನ್ಮೇಲೆ ಇವೆರಡೂ ಜಗಳಕ್ಕೆ ಬೀಳ್ತವೆ ನೋಡ್ತಿರು.”

“ಮೊದ್ಲು ಫೋನಿಂದ ಅದನ್ನ ಅಳಿಸು.”

ಅವನು ಯಾವುದೋ ಗುಂಡಿ ಒತ್ತಿದ. ಫೋನು ಕರೆ ಮಾಡತೊಡಗಿತು. ಒಳಗಿನಿಂದ ಹೆಂಗಸಿನ ದನಿಯೊಂದು, ಇಂಥ ಸಂಖ್ಯೆಯೇ ಇಲ್ಲ ಎಂದು ಬಹಳ ಮರ್ಯಾದೆಯಿಂದ ಹೇಳಿತು.

“ಇಲ್ವಂತೆ,” ಎಂದ ಎಂಡೆಲ್. ಸಾಲ್ಮೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗುತ್ತಲೇ, ಮಧ್ಯಾಹ್ನ ಹೊಗೆಮನೆಯ ಒಲೆಯ ಮೇಲೆ ತೂಗುಬಿಟ್ಟು ಬಂದ ಮೀನು ನೆನಪಾಗಿ, ಕೋಟಿನ ಗುಂಡಿಯನ್ನೂ ಹಾಕದೆ ದೋಣಿಗಟ್ಟೆಯ ಕಡೆ ಓಡಿದಳು.