ಬಸ್ಸಿಲ್ಲದ ಸಮುದ್ರ

ನಮ್ಮಮ್ಮಿಗೆ ಬೇಕಾಗಿದ್ದು ಬರೀ ಸಮುದ್ರವಲ್ಲ. ವಾಪಸ್ ಬರಲು ಬಸ್ಸೇ ಇಲ್ಲದ ಸಮುದ್ರ.

ಇದಕ್ಕೆ ಕಾರಣ ನಮ್ಮ ಅಬ್ಬಾ, ರಾಮನಗರದಲ್ಲಿ ರೇಷ್ಮೆಗೂಡು ಕೊಂಡು ನೂಲು ತೆಗೆಯುವ ಮೆಹಬೂಬ್. ಹಿಂದೊಮ್ಮೆ ಮಂಗಳೂರಿಗೆ ಹೊರಟಿದ್ದೆವು. ಹಾಸನದಲ್ಲಿ ಇಡ್ಲಿ ತಿನ್ನುವಾಗ ಗೂಡಿನ ಮಾರುಕಟ್ಟೆಯಿಂದ ಫೋನ್ ಬಂತು: ಇವತ್ತು ಮಾಲು ಅಗ್ಗ. ಅಬ್ಬಾ ಸೀದಾ ಎದುರು ದಿಕ್ಕಿನ ಬಸ್ ಹತ್ತಿದರು. ಹಿಂದೆಯೇ ನಾವೂ, ಚಟ್ನಿ ಕೈಯಲ್ಲಿ. ಇನ್ನೊಂದು ಸಲ ಚೆನ್ನೈ ಸಮುದ್ರ ಅಂತ ಹೊರಟವರು ಆಂಬೂರಿನಲ್ಲಿ ಬಿರಿಯಾನಿ ತಿಂದು, ಅಂಥದೇ ಇನ್ನೊಂದು ಫೋನಿಗೆ ಮರಳಿದೆವು. ಮದುವೆಯಾದಾಗಿನಿಂದ ನೂಲು ತೆಗೆಯುವ ಬಟ್ಟಲಿನ ಕುದಿನೀರನ್ನೇ ನೋಡುತ್ತ ಬಂದ ಅಮ್ಮಿಗೆ, ಅದಕ್ಕಿಂತ ದೊಡ್ಡ ನೀರೆಂದರೆ ಕಣ್ವ ಜಲಾಶಯ.

ಕೊನೆಗೆ ನಾನೇ ಫೋನಿನಲ್ಲಿ ಹುಡುಕಿ ತೋರಿಸಿದೆ. ಡಾನಾಂಗ್. ವಿಯೆಟ್ನಾಮಿನ ಕಡಲೂರು. ನಾಲ್ಕು ದಿನ.

“ದನಾಂಗಾ? ದನದ ಸಂತೆ ಏನಾದ್ರೂ ನಡೀತದಾ ಅಲ್ಲಿ?” ಅಂದರು ಅಬ್ಬಾ.

“ಅನೀಸಾ, ಅಲ್ಲಿಂದ ಬಸ್ಸೈತಾ?” ಅಂದರು ಅಮ್ಮಿ.

“ಇಲ್ಲ.”

“ಹಂಗಾರೆ ಅದೇ.”

ನಮ್ಮ ಮನೆಮಾತು ದಖ್ಖನಿ. ಜಗಳ ಮಾತ್ರ ಕನ್ನಡದಲ್ಲಿ, ಬಟ್ಟಲ ಮುಂದೆ ಕೂತ ಕೆಲಸದವರಿಗೂ ನ್ಯಾಯ ಯಾರ ಕಡೆ ಅಂತ ತಿಳಿಯಲಿ ಎಂದು. ಆ ಜಗಳವನ್ನು ಅಮ್ಮಿ ಒಂದು ವಾರದಲ್ಲಿ ಗೆದ್ದರು. ಪಾಸ್‌ಪೋರ್ಟ್ ಬಂತು, ವೀಸಾ ಬಂತು, ಅಮ್ಮಿಯ ಕಾಲಿಗೆ ಹೊಸ ಪ್ಲಾಸ್ಟಿಕ್ ಚಪ್ಪಲಿ ಬಂತು. ಷರತ್ತು ಒಂದೇ: ಅಲ್ಲಿ ಹೋಗಿ ರೇಷ್ಮೆ ಅಂತ ಬಾಯಿ ಬಿಡುವಂತಿಲ್ಲ.

ವಿಮಾನ ನಿಲ್ದಾಣದ ರಿಹರ್ಸಲ್ ಮನೆಯಲ್ಲೇ ಆಯಿತು. ಗೂಡಿನ ಮಂಕರಿ ಬೋರಲು ಹಾಕಿ ನಾನು ಅಧಿಕಾರಿಯಾಗಿ ಕೂತೆ. ದನಿಯನ್ನು ಮೂಗಿಗೆ ಏರಿಸಿ ಕೇಳಿದೆ: “ಬಂದ ಉದ್ದೇಶ?”

“ಅದೇ, ನಿಮ್ಮ ಕಡೆ ಗೂಡು ಎಂಗೆ ಬತ್ತದೆ ಅಂತ ಒಸಿ...”

“ರಿಜೆಕ್ಟ್!” ಅಡುಗೆಮನೆಯಿಂದ ಅಮ್ಮಿ ಕೂಗಿದರು.

“ಉದ್ದೇಶ?”

“ಸಮುದ್ರ ನೋಡದು.”

“ಯಾರು?”

“ಬೇಗಂ.”

“ಮತ್ತೆ ನೀವು?”

“ಬೇಗಂ ಜೊತೆಗೆ,” ಅಂದರು ಅಬ್ಬಾ. ಆಲೂಗಡ್ಡೆ ಸೀಲು ಒತ್ತಿ ಒಳಗೆ ಬಿಟ್ಟೆ.

ನಿಜವಾದ ಗಂಡಾಂತರ ವೀಸಾದ್ದಲ್ಲ, ಗೂಡಿನದು. ಕೊಂಡ ಗೂಡನ್ನು ಕೂಡಲೇ ಬೇಯಿಸಿ ನೂಲು ತೆಗೆಯಬೇಕು. ತಡವಾದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡು ಕೊರೆದು ಹೊರಬರುತ್ತದೆ, ತೂತು ಬಿದ್ದ ಗೂಡಿನಿಂದ ಉದ್ದದ ಎಳೆ ಬರುವುದಿಲ್ಲ. ಹಾಗಾಗಿ ಅಬ್ಬಾ ಖರೀದಿ ನಿಲ್ಲಿಸಿದರು. ಕೆಲಸದವರು ರಜೆಯ ಮೇಲೆ ಕುದೂರಿಗೆ ಮದುವೆಗೆ ಹೋದರು. ಬಟ್ಟಲುಗಳನ್ನು ತಿಕ್ಕಿ ಕವುಚಿದೆವು. ನಾನು ಹುಟ್ಟಿದ ಮೇಲೆ ನಮ್ಮ ಮನೆಯಲ್ಲಿ ಬೆಂದ ಹುಳುವಿನ ವಾಸನೆ ಇಲ್ಲದ ಮೊದಲ ದಿನ ಅದು.

ಹೊರಡುವ ಹಿಂದಿನ ದಿನ ಬೆಳಿಗ್ಗೆ ಅಬ್ಬಾ ಅಂಗಿ ತೊಟ್ಟರು. “ಒಸಿ ಮಾರ್ಕೆಟ್ ಕಡೆ ನೋಡ್ಕಂಡು ಬತ್ತೀನಿ. ಬರೀ ನೋಡದು.”

ತಿಂಡಿ ಹೊತ್ತಿಗೆ ಫೋನ್ ಬಂತು. ದನಿ ಮಂಕರಿಯೊಳಗಿಂದ ಬಂದಂತಿತ್ತು. “ಅನೀಸಾ... ಅಮ್ಮಿಗೆ ಹೇಳ್ಬೇಡ. ಲಕ್ಷ್ಮಯ್ಯ ಮೊಬೈಲಲ್ಲಿ ಬಿಡ್ ಹಾಕ್ದ. ನಾನು ಅವನ ಮೇಲೆ ಹಾಕ್ಬುಟ್ಟೆ. ಬೆರಳು ತಾನೇ ಒತ್ಬುಡ್ತು ಕಣವ್ವ. ಮಾಲು ನಮಗೇ ಆಗೋಯ್ತು.”

ಫೋನ್ ಸ್ಪೀಕರಿನಲ್ಲಿತ್ತು. ಅಮ್ಮಿ ಬುರ್ಖಾ ಎಳೆದುಕೊಂಡು ಅಂದರು: “ಸ್ಕೂಟರ್ ತೆಗಿ.”

ಮಾರುಕಟ್ಟೆಯ ಗದ್ದಲದಲ್ಲಿ ಅಬ್ಬಾ ಒಂದು ಬಿಳಿ ಗೂಡಿನ ರಾಶಿಯ ಹಿಂದೆ ಅಡಗಲು ನೋಡಿದರು. ರಾಶಿ ಸಣ್ಣದು, ಅಬ್ಬಾ ದಪ್ಪ. ಪಕ್ಕದಲ್ಲಿ ಲಕ್ಷ್ಮಯ್ಯ ಮೀಸೆಯಡಿ ನಗುತ್ತಿದ್ದ. ಗೂಡಿನ ಹರಾಜಿನಲ್ಲಿ ಅಬ್ಬಾಗೆ ಮೊದಲಿನಿಂದಲೂ ಎದುರಾಳಿ.

ಅಮ್ಮಿ ಇಬ್ಬರನ್ನೂ ದಾಟಿ ಮಾಲಿನ ಒಡತಿಯ ಬಳಿ ಹೋದರು. ವಿರೂಪಾಕ್ಷಿಪುರದ ಚಿನ್ನಮ್ಮ, ಹುಳು ಸಾಕಿ ಗೂಡು ಕಟ್ಟಿಸಿದವಳು. ಹರಾಜಿನಲ್ಲಿ ಬಂದ ರೇಟು ಒಪ್ಪಿಗೆಯಾಗದಿದ್ದರೆ ಬೇಡ ಅನ್ನುವ ಹಕ್ಕು ರೈತರಿಗಿದೆ. ಆಗ ಮಾಲು ಎರಡನೇ ಸುತ್ತಿಗೆ ಹೋಗುತ್ತದೆ. ಚಿನ್ನಮ್ಮ ಇನ್ನೂ ಒಪ್ಪಿಗೆ ಕೊಟ್ಟಿರಲಿಲ್ಲ.

“ಚಿನ್ನಮ್ಮ, ನಿಮ್ಮ ಗೂಡು ಬೋ ಚಂದಾಗೈತೆ. ದಮ್ಮಯ್ಯ, ನನ್ನ ಗಂಡಂಗೆ ಕೊಡಬೇಡಿ.”

“ಇದೇನ್ ತಾಯಿ ಹಿಂಗಂತೀರಾ! ವಾಸಿ ರೇಟು ಹಾಕವ್ರೆ.”

ಅಮ್ಮಿ ಹಾಸನ ಹೇಳಿದರು, ಆಂಬೂರು ಹೇಳಿದರು, ನಾಳೆಯ ವಿಮಾನ ಹೇಳಿದರು. ಚಿನ್ನಮ್ಮ ಅಬ್ಬಾನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಇಡ್ಲಿ ಮುಂದಿಂದ ಎಬ್ಬುಸ್ಕಂಡು ಬಂದ್ರಾ? ಅಯ್ಯೋ ನಮ್ಮಪ್ಪ! ಬ್ಯಾಡ ಅಂತೀನಿ ಬುಡಿ. ಆದ್ರೆ ಎರಡ್ನೇ ಸುತ್ತಲ್ಲಿ ರೇಟು ಬಿದ್ರೆ ನನ್ನ ಗತಿ? ನಿದ್ದೆಗೆಟ್ಟು ಸೊಪ್ಪು ಹಾಕಿವ್ನಿ. ಅದೇ ರೇಟಿಗೆ ಯಾರು ತಕತಾರೆ?”

ಸುತ್ತ ನಿಂತವರೆಲ್ಲ ಲಕ್ಷ್ಮಯ್ಯನ ಕಡೆ ತಿರುಗಿದರು.

“ವಿಯೆಟ್ನಾಮಾ?” ಅವನು ರಾಗ ಎಳೆದ. “ಉಷಾರು ಅಮ್ಮಾವ್ರೆ, ಹೆಸ್ರಲ್ಲೇ ನಾಮ ಐತೆ.” ಜನ ನಕ್ಕರು. “ತಕತೀನಿ, ಅದೇ ರೇಟು. ಆದ್ರೆ ಲೇ ಮೆಹಬೂಬಾ, ‘ಗೂಡು ನೋಡದ್ರಲ್ಲಿ ಲಕ್ಷ್ಮಯ್ಯನೇ ಮೇಲು’ ಅಂತ ಒಂದ್ ಮಾತು ಅನ್ಲಾ. ಎಲ್ಲಾರ್ಗೂ ಕೇಳಂಗೆ.”

ಒಂದು ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿ ಅದರ ಎಳೆ ಹೇಗಿದೆ ಎಂದು ಹೇಳುವ ಮನುಷ್ಯ ನಮ್ಮಬ್ಬಾ. ಆ ಕಿವಿಯ ಮೇಲೇ ಅವರ ಸಂಸಾರ ನಿಂತಿದೆ. ಈ ಮಾತಿಗಿಂತ ಅವರಿಗೆ ಸಮುದ್ರ ಈಜುವುದು ಸುಲಭ.

ಅಬ್ಬಾನ ದನಿ ನನಗೆ ಕರಗತ. ನಾನು ಫೋನೆತ್ತಿದರೆ ಕೆಲಸದವರೇ “ಬಂದೆ ಯಜಮಾನ್ರೆ” ಅಂದುಬಿಡುತ್ತಾರೆ. ಜನರ ಬೆನ್ನ ಹಿಂದೆ ನಿಂತು ಆ ಸಾಲನ್ನು ನಾನೇ ಒದರಿದರೆ ಮುಗಿಯಿತು. ಗಂಟಲು ಸರಿಮಾಡಿಕೊಂಡೆ. ಅಮ್ಮಿ ನನ್ನ ಮಣಿಕಟ್ಟು ಹಿಡಿದರು.

“ನೀನು ಸುಮ್ಕಿರು. ಅವರ ಬಾಯಿಂದಲೇ ಬರಬೇಕು.”

ಅಬ್ಬಾ ರಾಶಿಯಿಂದ ಒಂದು ಗೂಡು ಎತ್ತಿಕೊಂಡರು. ಕಿವಿಯವರೆಗೆ ತಂದರು. ಅಲ್ಲಾಡಿಸಲಿಲ್ಲ. ಅಮ್ಮಿಯ ಕಾಲಿನ ಹೊಸ ಪ್ಲಾಸ್ಟಿಕ್ ಚಪ್ಪಲಿ ನೋಡಿದರು. ಗೂಡನ್ನು ಮೆಲ್ಲಗೆ ವಾಪಸ್ ಇಟ್ಟು, ತೂಕದ ಕಟ್ಟೆ ಹತ್ತಿ ನಿಂತರು.

“ಕೇಳ್ರಪ್ಪೋ! ಗೂಡು ನೋಡದ್ರಲ್ಲಿ ನಮ್ಮ ಲಕ್ಷ್ಮಯ್ಯನೇ ಮೇಲು!” ಉಸಿರು ತೆಗೆದುಕೊಂಡರು. “ನಾಲ್ಕು ದಿನ!”

“ಲೇ, ನಾಲ್ಕ್ ದಿನ ಅಂತ ಯಾವನ್ಲಾ ಸೇರ್ಸಕ್ಕೇಳಿದ್ದು?”

“ಐದ್ನೇ ದಿನ ನಾನು ವಾಪಸ್ ಬತ್ತೀನಲ್ಲ ಕಣ್ಲಾ!”

ಶಿಳ್ಳೆ ಬಿದ್ದವು. ಚಿನ್ನಮ್ಮ ಬೇಡ ಅಂದಳು. ಎರಡನೇ ಸುತ್ತು ಶುರುವಾಯಿತು. ಅಮ್ಮಿ ಹಿಡಿದ ನನ್ನ ಮಣಿಕಟ್ಟು ಕೆಂಪಾಯಿತು. ಲಕ್ಷ್ಮಯ್ಯ ಬೇಕೆಂದೇ ಕನ್ನಡಕ ಒರೆಸಿದ, ಮತ್ತೊಮ್ಮೆ ಒರೆಸಿದ, ಆಮೇಲೆ ಬೆರಳು ಒತ್ತಿದ. ಅಬ್ಬಾ ಹಾಕಿದ್ದಕ್ಕಿಂತ ಒಂದು ರೂಪಾಯಿ ಮೇಲೆ!

“ಅದು ಅಮ್ಮಾವ್ರ ಸಮುದ್ರಕ್ಕೆ,” ಅಂದ.

“ಹೋಗ್ಬನ್ನಿ ತಾಯಿ,” ಅಂದಳು ಚಿನ್ನಮ್ಮ, ಅಮ್ಮಿಯ ನಂಬರ್ ಬರೆಸಿಕೊಳ್ಳುತ್ತ. “ನಾನೂ ನೋಡಿಲ್ಲ. ಒಸಿ ಅದ್ರ ಸದ್ದಾದ್ರೂ ಕೇಳ್ಸಿ.”

ಡಾನಾಂಗಿನ ಮರಳ ಮೇಲೆ ಅಬ್ಬಾ ಮೊದಲು ಮಾಡಿದ ಕೆಲಸ, ಬಗ್ಗಿ ಒಂದು ಹಿಡಿ ಮರಳೆತ್ತಿ ಕಿವಿಯ ಬಳಿ ಅಲ್ಲಾಡಿಸಿದ್ದು.

“ರಿಜೆಕ್ಟ್!” ಅಂದೆವು ನಾವಿಬ್ಬರೂ.

ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಊರಿನ ನಂಬರ್. ಅಬ್ಬಾ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು.

“ಬಸ್ಸಿಲ್ಲ,” ಅಂದರು ಅಮ್ಮಿ.

ಫೋನ್ ಮಾಡಿದ್ದು ಚಿನ್ನಮ್ಮ. ಅಮ್ಮಿ ತಮ್ಮ ಫೋನ್ ಹಿಡಿದು, ಚಪ್ಪಲಿ ಸಮೇತ ಮೊಣಕಾಲಿನವರೆಗೆ ನೀರಿಗಿಳಿದು, ಬರುತ್ತಿದ್ದ ಅಲೆಯ ಕಡೆ ಚಾಚಿದರು.

“ಕೇಳ್ತು, ಕೇಳ್ತು!” ಅಲೆಯ ಮೇಲೆ ಚಿನ್ನಮ್ಮನ ದನಿ. “ಅಯ್ಯೋ, ಇದು ನಮ್ಮ ಹುಳ ಸೊಪ್ಪು ಮೇದಂಗೇ ಐತಲ್ಲ ತಾಯಿ! ಒಸಿ ಜಾಸ್ತಿ ಹುಳ, ಅಷ್ಟೇಯ!”

ಅಮ್ಮಿ ಗಟ್ಟಿಯಾಗಿ ನಕ್ಕರು. ಫೋನನ್ನು ನನ್ನ ಕಡೆ ಎಸೆದು, ಇನ್ನೂ ಒಳಕ್ಕೆ ನಡೆದರು.