ಎರಡನೇ ರಿಮೋಟು

ಬೆಸುಗೆ ಹಾಕುವವರಿಗೆ ಎರಡೇ ಕೈ ಕೊಟ್ಟು ದೇವರು ಅನ್ಯಾಯ ಮಾಡಿದ್ದಾನೆ ಎಂದು ಅನು ಯಾವಾಗಲೂ ಗೊಣಗುತ್ತಿದ್ದಳು. ಒಂದು ಕೈಯಲ್ಲಿ ಕಾದ ಸೋಲ್ಡರಿಂಗ್ ಐರನ್, ಇನ್ನೊಂದರಲ್ಲಿ ಕರಗಿಸುವ ಸೀಸ. ಕೂಡಿಸಬೇಕಾದ ವೈರನ್ನು ಹಿಡಿಯುವವರು ಯಾರು? ಮೊದಲಾದರೆ ಅಣ್ಣ ಜೀವನ್ ಹಿಡಿಯುತ್ತಿದ್ದ, "ನನ್ನ ಬೆರಳು ಸುಟ್ಟೀಯ, ಹುಷಾರು" ಎಂದು ಹೆದರಿಸುತ್ತ. ಈಗ ಅವಳು ವೈರಿಗೆ ಟೇಪು ಅಂಟಿಸಿ, ಅದು ಜಾರಿದಾಗಲೆಲ್ಲ ಬೈದುಕೊಂಡು, ಒಬ್ಬಳೇ ಒದ್ದಾಡುತ್ತಿದ್ದಳು.

ಅತ್ತಿಗುಪ್ಪೆಯ ತಿರುವಿನಲ್ಲಿ ಬೈಕಿನಿಂದ ಬಿದ್ದ ಮೇಲೆ ಜೀವನ್‌ನ ಎಡಗೈ ಭುಜದಿಂದ ಕೆಳಗೆ ಸುಮ್ಮನೆ ನೇತಾಡುತ್ತಿತ್ತು. ಆಪರೇಷನ್ ಆಗಿತ್ತು. ನರ ಕೂಡಿಕೊಂಡಿದೆ, ಇನ್ನು ಬೆರಳು ಆಡಿಸಲು ನೀವೇ ಹೆಣಗಬೇಕು, ತಡಮಾಡಿದರೆ ಸ್ನಾಯು ಸೊರಗಿ ಕೈ ಮತ್ತೆ ಬರುವುದಿಲ್ಲ ಎಂದು ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋ ಮೇಡಂ ಹೇಳಿ ಹೇಳಿ ಸೋತರು. ಜೀವನ್ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದ. ಕಾಮಾಕ್ಷಿಪಾಳ್ಯದ ಆ ಮನೆಯಲ್ಲಿ ಪಕ್ಕದ ಗಾರ್ಮೆಂಟ್ಸಿನ ಹೊಲಿಗೆ ಯಂತ್ರಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲದಂತಾಯಿತು.

ಯುಪಿಎಸ್ ರಿಪೇರಿ ಮಾಡಿ ಬದುಕುವ ಅನುಗೆ ಒಂದು ಉಪಾಯ ಹೊಳೆಯಿತು. ಚಿಕ್ಕವರಿದ್ದಾಗ ಇಬ್ಬರೂ ಊಟ ನಿದ್ದೆ ಬಿಟ್ಟು ಟಿವಿಯಲ್ಲಿ ಟ್ಯಾಂಕಿನ ಆಟ ಆಡುತ್ತಿದ್ದರು. ಇಬ್ಬರಿಗೂ ಒಂದೊಂದು ಟ್ಯಾಂಕು, ಒಂದೊಂದು ರಿಮೋಟು. ಇಟ್ಟಿಗೆ ಗೋಡೆಯ ಹಿಂದಿರುವ ನಮ್ಮ ಕೋಟೆಯನ್ನು ಶತ್ರು ಟ್ಯಾಂಕುಗಳಿಂದ ಕಾಯಬೇಕು. ನಮ್ಮದೇ ಗುಂಡು ಕೋಟೆಗೆ ಬಿದ್ದರೂ ಆಟ ಮುಗಿಯಿತು. ಸೋತು ಆಟ ಮುಗಿಸಿದವರು ರಿಮೋಟನ್ನು ಕಾದು ಕೂತ ಬೀದಿಯ ಮಕ್ಕಳಲ್ಲಿ ಮುಂದಿನವರಿಗೆ ಕೊಟ್ಟೇಬಿಡಬೇಕು, ಅತ್ತು ಕರೆದರೂ ಬಿಡುವಂತಿಲ್ಲ. ಅದು ಆ ಮನೆಯ ಕಾನೂನು.

ಅದೇ ಆಟವನ್ನು ಕೈಯಲ್ಲಿ ಹಿಡಿದು ಆಡುವ ಪುಟ್ಟ ಪೆಟ್ಟಿಗೆಯೊಂದನ್ನು ಮಾಡಿಕೊಟ್ಟರೆ? ಬಲಗಡೆ ಗುಂಡು ಹಾರಿಸುವ ಬಟನ್, ಎಡಗಡೆ ಟ್ಯಾಂಕ್ ಓಡಿಸುವ ನಾಲ್ಕು ಬಟನ್. ಆಡಬೇಕೆಂದರೆ ಎಡಗೈಯ ಹೆಬ್ಬೆರಳು ಏಳಲೇಬೇಕು. ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಂದ ಪುಟಾಣಿ ಕಂಪ್ಯೂಟರ್ ಬೋರ್ಡು, ಸ್ಕ್ರೀನು, ಬ್ಯಾಟರಿ ತಂದಳು. ಹೊರಮೈಗೆ ತನ್ನ ನೀಲಿ ಊಟದ ಡಬ್ಬಿಯನ್ನೇ ಕೊರೆದಳು.

"ಅನ್ನ ತಿನ್ನೋ ಡಬ್ಬೀನೂ ಹಾಳ್ಮಾಡ್ಬಿಟ್ಯಲ್ಲೇ" ಎಂದು ಅಮ್ಮ ಯಶೋದಮ್ಮ ರೇಗಿದರು.

ಬಟನ್ನುಗಳಾದರೂ ಹಳೆಯವೇ ಇರಲಿ ಎಂದು ಅಟ್ಟದಿಂದ ಆ ಕಾಲದ ಟಿವಿ ಗೇಮ್ ಇಳಿಸಿ, ಸ್ಕ್ರೂ ಬಿಚ್ಚಿದಳು. ಬಿಚ್ಚಿದವಳು ಹಾಗೇ ಕೂತುಬಿಟ್ಟಳು. ಎರಡನೇ ರಿಮೋಟಿನ ವೈರುಗಳು ಒಳಗೆ ಯಾವುದಕ್ಕೂ ಸೇರಿರಲಿಲ್ಲ. ಯಾರೋ ಎಂದೋ ಕಿತ್ತಿದ್ದರು.

ಎರಡನೇ ರಿಮೋಟು ಯಾವಾಗಲೂ ಅನುವಿನದು.

ಅದನ್ನು ಹಿಡಿದುಕೊಂಡು ಅಣ್ಣನ ಹಾಸಿಗೆಯ ಬಳಿ ಹೋದಳು. ಜೀವನ್ ನೋಡಿ, ಎಷ್ಟೋ ದಿನಗಳ ಮೇಲೆ ನಕ್ಕ.

"ನಾನೇ ಕಿತ್ತಾಕಿದ್ದು ಕಣೇ. ನೀನು ಬೇಕೂಂತ್ಲೇ ನಮ್ಮ ಕೋಟೆಗೇ ಹೊಡೀತಿದ್ದೆ. ಸುಮ್ನೆ ಬಟನ್ ಒತ್ಕೊಂಡು ಕೂತಿರ್ಲಿ ಅಂತ."

"ಮತ್ತೆ ನನ್ನ ಟ್ಯಾಂಕು ಓಡ್ತಿತ್ತಲ್ಲೋ ಅಣ್ಣ?"

"ಹ್ಞೂಂ, ಓಡ್ತಿತ್ತು. ಕಂಪ್ಯೂಟರ್ರೇ ಆಡುತ್ತೇನೋ ಅಂದ್ಕೊಂಡೆ."

ಆ ಆಟದಲ್ಲಿ ಹಾಗೆ ತಾನೇ ಓಡುವ ಜೊತೆಗಾರ ಇಲ್ಲ ಎಂಬುದು ಅನುಗೆ ಗೊತ್ತಿತ್ತು. ವೈರಿಲ್ಲದಿದ್ದರೆ ಎರಡನೇ ಟ್ಯಾಂಕು ನಿಂತಲ್ಲೇ ನಿಂತಿರಬೇಕು. ಆದರೆ ಆ ಟ್ಯಾಂಕು ಅಣ್ಣನಿಗಿಂತ ಚುರುಕಾಗಿ ಓಡುತ್ತಿತ್ತು, ತಾನೇ ಗೆದ್ದೆನೆಂದು ಅವಳು ಬೀದಿಯೆಲ್ಲ ಸಾರಿಕೊಂಡು ಬರುತ್ತಿದ್ದಳು. ಹಾಗಾದರೆ ಅಷ್ಟು ವರ್ಷ ತನ್ನ ಪರವಾಗಿ ಆಡಿದವರು ಯಾರು? ಅವಳು ರಿಮೋಟನ್ನು ಮೇಜಿಗೆ ಒಯ್ದು ಬಟನ್ನುಗಳನ್ನು ಬಿಡಿಸಿಕೊಳ್ಳತೊಡಗಿದಳು.

ಡಬ್ಬಿ ಸಿದ್ಧವಾದ ದಿನ ಅದನ್ನು ದಿಂಬಿನ ಮೇಲೆ ಆನಿಸಿ ಕೊಟ್ಟು, ಚಹಾಕ್ಕೆ ನೀರಿಡಲು ಹೋದಳು. ಸ್ವಲ್ಪ ಹೊತ್ತಿಗೆ ಟ್ಯಾಂಕು ಗುರ್ರೆಂದು ಓಡುವ ಸದ್ದು ಕೇಳಿತು. ಒಲೆಯನ್ನೂ ಮರೆತು ಓಡಿಬಂದಳು. ಸ್ಕ್ರೀನಿನಲ್ಲಿ ಟ್ಯಾಂಕು ಸಂದಿಗೊಂದಿ ನುಗ್ಗಿ ಓಡುತ್ತಿತ್ತು. ಜೀವನ್‌ನ ಬಲಗೈ ಗುಂಡು ಹಾರಿಸುತ್ತಿತ್ತು. ಎಡಗೈ ಹೊದಿಕೆಯ ಮೇಲೆ, ಅಮ್ಮ ಬೆಳಿಗ್ಗೆ ಇಟ್ಟ ಜಾಗದಲ್ಲೇ ಬಿದ್ದಿತ್ತು.

"ನಾನಲ್ಲ ಕಣೇ" ಎಂದ ಜೀವನ್, ಕಣ್ಣು ಸ್ಕ್ರೀನಿನಿಂದ ತೆಗೆಯದೆ.

ಎಲ್ಲೋ ಶಾರ್ಟ್ ಆಗಿರಬೇಕೆಂದು ತನಗೇ ಸಮಾಧಾನ ಹೇಳಿಕೊಂಡು ಅವಳು ಡಬ್ಬಿ ಬಿಚ್ಚಿದಳು. ಎಡಗಡೆಯ ನಾಲ್ಕು ಬಟನ್ನಿನ ವೈರುಗಳನ್ನೂ ಕಿತ್ತು ಮುಚ್ಚಿದಳು. ಟ್ಯಾಂಕು ಮೊದಲಿಗಿಂತ ಚೆನ್ನಾಗಿ ಓಡಿತು.

ಅವಳಿಗೆ ಭಯವಾಯಿತು. ಜೀವನ್‌ಗೆ ಆಗಲಿಲ್ಲ, ಅದೇ ದೊಡ್ಡ ಭಯ. ಅವನು ಬೆಳಗಿನಿಂದ ಸಂಜೆಯವರೆಗೆ ಆಡಿದ. ಅವನ ಟ್ಯಾಂಕು ಒಮ್ಮೆಯೂ ಸೋಲಲಿಲ್ಲ. ಅವನು ಬಲಕ್ಕೆ ಹೋಗಬೇಕೆಂದುಕೊಳ್ಳುವ ಮೊದಲೇ ಅದು ಬಲಕ್ಕೆ ತಿರುಗಿರುತ್ತಿತ್ತು. ಮುಖಕ್ಕೆ ಕಳೆ ಬಂತು, ಊಟ ಸೇರಿತು. ಫಿಸಿಯೋ ಮೇಡಂ ಬಂದಾಗ ಮಾತ್ರ "ಬೇಡ ಮೇಡಂ, ಇನ್ನು ಬರ್ಬೇಡಿ. ನನ್ನ ಎಡಗೈ ಕೆಲಸ ನಡೀತಾ ಇದೆ" ಎಂದು ಕಳಿಸಿಬಿಟ್ಟ.

ಒಂದು ಮಧ್ಯಾಹ್ನ ನೆಂಟರ ಮನೆಯ ನಾಮಕರಣಕ್ಕೆ ಹೊರಡಿಸಲು ಯಶೋದಮ್ಮ ಅವನಿಗೆ ಅಂಗಿ ತೊಡಿಸಿ, ಎಡಗೈಗೆ ವಾಚು ಕಟ್ಟಿದರು. ಪಟ್ಟಿಯನ್ನು ಬಿಗಿಯಾಗಿ ಎಳೆದು ಕೊನೆಯ ತೂತಿಗೆ ಸಿಕ್ಕಿಸಿದ್ದರು. ಕೈ ಎತ್ತಿ ಅಂಗಿಯ ತೋಳು ಮಡಚಹೋದಾಗ ವಾಚು ಬಳೆಯಂತೆ ಜಾರಿ ಮೊಣಕೈಗೆ ಬಂತು. ಯಶೋದಮ್ಮ ಅದನ್ನು ಕೆಳಗೆಳೆದರು. ಮತ್ತೆ ಜಾರಿತು. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಅನುಗೆ ಆಗ ಎಲ್ಲ ಅರ್ಥವಾಯಿತು. ಆಡುತ್ತಿರುವುದು ಏನೇ ಆಗಿರಲಿ, ಅದು ಕೆಟ್ಟದ್ದಲ್ಲ. ಎಲ್ಲಿ ವೈರು ಕಡಿದಿದೆಯೋ ಅಲ್ಲಿ ಬಂದು ಕೂತು, ಪಾಪ, ಆಡಿಕೊಡುತ್ತದೆ. ಅದು ಆಡುತ್ತಿದ್ದಷ್ಟು ವರ್ಷವೂ ತನಗೆ ಆಡಲು ಬಂದಿರಲಿಲ್ಲ, ಬರುತ್ತದೆಂದು ನಂಬಿಕೊಂಡಿದ್ದಳು ಅಷ್ಟೇ. ಈಗ ಅದೇ ಒಳ್ಳೆಯತನ ಅಣ್ಣನ ಕೈಯನ್ನು ದಿನದಿನವೂ ತಿನ್ನುತ್ತಿತ್ತು.

ಡಬ್ಬಿಯನ್ನು ಕಸಿದುಕೊಳ್ಳಬಹುದಿತ್ತು. ಆದರೆ ಕಸಿದರೆ ಅವನು ಮತ್ತೆ ಗೋಡೆಗೆ ತಿರುಗುತ್ತಾನೆ.

"ಅಣ್ಣ, ಆಟ ಮುಗಿಸಿದೋರು ಏನ್ಮಾಡ್ಬೇಕು?"

"ಮುಂದಿನೋರಿಗೆ ಕೊಡ್ಬೇಕು."

"ಅದು ಕೊಡ್ತಾನೇ ಇಲ್ಲ ನೋಡು. ಸೋಲೋದೇ ಇಲ್ಲ ಅದು. ಆಟ ಮುಗಿಸೋ ಗುಂಡಿನ ಬಟನ್ ಮಾತ್ರ ನಿನ್ನ ಕೈಯಲ್ಲಿದೆ."

ಜೀವನ್ ಬಲಗೈಯಿಂದ ವಾಚನ್ನು ಮಣಿಕಟ್ಟಿಗೆ ಎಳೆದುಕೊಂಡ. "ಅದಿಲ್ದಿದ್ರೆ ನನ್ನ ಕೈಲಿ ಏನೂ ಆಗಲ್ಲ ಕಣೇ" ಎಂದ. ಆದರೂ ಆಟ ಶುರುಮಾಡಿದ.

ಟ್ಯಾಂಕು ಎಂದಿನಂತೆ ಓಡಿತು. ಶತ್ರು ಟ್ಯಾಂಕುಗಳನ್ನು ಅಟ್ಟಿಸಿಕೊಂಡು ಹೋಗಿ, ಕೋಟೆ ಕಾಯಲು ಮರಳಿ ಬಂತು. ಮೂತಿ ಕೋಟೆಯ ಕಡೆಗಿತ್ತು. ಜೀವನ್ ಕಣ್ಣು ಮುಚ್ಚಿ ಗುಂಡು ಹಾರಿಸಿದ. ಒಂದು ಇಟ್ಟಿಗೆ ಬಿತ್ತು. ಟ್ಯಾಂಕು ಅಡ್ಡ ತಿರುಗಿಕೊಳ್ಳಬಹುದಿತ್ತು. ತಿರುಗಲಿಲ್ಲ. ಬಯ್ಯಿಸಿಕೊಂಡ ಮಗುವಿನಂತೆ ಅಲ್ಲೇ ನಿಂತಿತು. ಅವನು ಇನ್ನೊಂದು ಹಾರಿಸಿದ. ಕೋಟೆ ಉರುಳಿ ಆಟ ಮುಗಿಯಿತು.

ಊಟದ ಹೊತ್ತಾಗಿ ಪಕ್ಕದ ಯಂತ್ರಗಳೂ ನಿಂತಿದ್ದವು. ಅನು ಅಣ್ಣನ ಎಡಗೈ ಎತ್ತಿ, ತಣ್ಣಗಿದ್ದ ಹೆಬ್ಬೆರಳನ್ನು ಬಟನ್ನಿನ ಮೇಲಿಟ್ಟಳು. ಹೊಸ ಆಟ ಶುರುವಾಯಿತು. ಟ್ಯಾಂಕು ಅಲುಗಲಿಲ್ಲ. ಶತ್ರು ಟ್ಯಾಂಕುಗಳು ಬಂದು ಹೊಡೆದವು. ಇನ್ನೊಂದು ಆಟ, ಮತ್ತೊಂದು ಆಟ. ಜೀವನ್‌ನ ಹಣೆಯಿಂದ ಬೆವರು ಇಳಿಯಿತು, ಹಲ್ಲು ಕಚ್ಚಿದ್ದ. ನಾಮಕರಣದ ನೆನಪು ಯಾರಿಗೂ ಇರಲಿಲ್ಲ. ಕೊನೆಗೆ ಹೆಬ್ಬೆರಳಿನ ಉಗುರು ಬಿಳಿಚಿತು. ಬಟನ್ ಟಿಕ್ ಎಂದಿತು.

ಟ್ಯಾಂಕು ಮಾತ್ರ ನಿಂತಲ್ಲೇ ನಿಂತಿತ್ತು.

"ಒತ್ತಿದೆ ಕಣೇ, ಹೋಗ್ಲಿಲ್ಲ" ಎಂದ ಜೀವನ್, ಸೋತ ದನಿಯಲ್ಲಿ. "ಹೇಳಿದ್ನಲ್ಲ, ನನ್ನ ಕೈಲಿ ಆಗಲ್ಲ ಅಂತ."

"ವೈರು ಕಿತ್ತಿದೀನಿ ಕಣೋ, ಮರೆತೇಬಿಟ್ಟಿದ್ದೆ! ನಾನೇ ಕಿತ್ತಿದೀನಿ! ನೀನು ಒತ್ತಿದೆ, ಅಮ್ಮ, ಅವನೇ ಒತ್ತಿದ!" ಅನು ಅಳುತ್ತ ನಗುತ್ತ ಡಬ್ಬಿ ಎತ್ತಿಕೊಂಡು ತನ್ನ ಮೇಜಿಗೆ ಓಡಿದಳು. ಹಿಂದೆ ಯಶೋದಮ್ಮ ಮಗನನ್ನು ತಬ್ಬಿಕೊಂಡು ಗೋಳೋ ಎನ್ನುತ್ತಿದ್ದರು.

ಡಬ್ಬಿ ಬಿಚ್ಚಿದಳು. ಐರನ್ ಕಾಯಿತು. ಬಲಗೈಯಲ್ಲಿ ಐರನ್, ಎಡಗೈಯಲ್ಲಿ ಸೀಸ ಹಿಡಿದು ಬಗ್ಗಿದ ಮೇಲೆ ಟೇಪು ಅಂಟಿಸಿಲ್ಲವೆಂದು ನೆನಪಾಯಿತು. ತರಲು ಏಳಬೇಕೆನ್ನುವಷ್ಟರಲ್ಲಿ, ಅಡ್ಡಾದಿಡ್ಡಿ ಬಿದ್ದಿದ್ದ ಮೊದಲ ವೈರು ಮೆಲ್ಲಗೆ ಎದ್ದು, ಕೂಡಬೇಕಾದ ಜಾಗಕ್ಕೆ ಸರಿಯಾಗಿ ತುದಿಯೂರಿ ನಿಂತಿತು.

ವೈರು ಜಾರಲಿಲ್ಲ.

ಅನು ತಲೆ ಎತ್ತಿ ನೋಡಲಿಲ್ಲ. ಐರನ್ ಹತ್ತಿರ ತಂದು, ಮೆಲ್ಲಗೆ, "ಬೆರಳು ಸುಟ್ಟೀತು, ಹುಷಾರು" ಎಂದಳು.