ಉಸಿರಿನ ಸರದಿ

“ಇದು ಹಾಡೋ ಜಾಗ ಕಣಪ್ಪ, ವ್ಯಾನ್ ಸ್ಟ್ಯಾಂಡ್ ಅಲ್ಲ. ಸೀಟು ತುಂಬಿಸೋಕೆ ಕೂಗಿದ ಹಾಗೆ ಕೂಗ್ಬೇಡ. ನಿನ್ನೊಬ್ಬನಿಂದ ಇಷ್ಟೂ ಜನರ ಹಾಡು ಹಾಳಾಗ್ತಿದೆ.”

ಮೇಡಂ ಇದನ್ನು ಇಡೀ ತಂಡದ ಮುಂದೆ ಹೇಳಿದರು. ಮುಂದಿನ ಸಾಲಿನ ಹೆಂಗಸರು ನಕ್ಕರು. ನಗದವರು ಕೈಯಲ್ಲಿದ್ದ ಹಾಡಿನ ಹಾಳೆಯನ್ನು ಅದೇ ಮೊದಲ ಸಲ ಕಂಡವರಂತೆ ಓದತೊಡಗಿದರು.

ನಾನು ದಿನವಿಡೀ ವ್ಯಾನ್ ಸ್ಟ್ಯಾಂಡಿನಲ್ಲಿ ಊರುಗಳ ಹೆಸರು ಕೂಗಿ ಸೀಟು ತುಂಬಿಸುವವನು. ಅದು ಸುಳ್ಳಲ್ಲ. ಆದರೆ ಆ ಗಂಟಲನ್ನು ಸ್ಟ್ಯಾಂಡಿನಲ್ಲೇ ಬಿಟ್ಟು ಇಲ್ಲಿಗೆ ಬರುತ್ತಿದ್ದೆ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆ ಇದು. ಕಿಟಕಿ ತೆಗೆದರೆ ಪಂಕ್ಚರ್ ಹಾಕುವ ಅಂಟಿನ ವಾಸನೆ, ಮುಚ್ಚಿದರೆ ನಮ್ಮದೇ ಬೆವರಿನ ವಾಸನೆ.

ಮೇಡಂಗೆ ಬೆನ್ನ ಹಿಂದೆ ನಾವಿಟ್ಟ ಹೆಸರು ಕಡ್ಡಿ. ಆಳೂ ಕಡ್ಡಿ, ತಾಳ ತೋರಿಸಲು ಕೈಯಲ್ಲೊಂದು ಕಡ್ಡಿ, ಮಾತು ಕಡ್ಡಿ ಮುರಿದಂತೆ. ಹಾಡುವುದನ್ನು ಕಲಿಸಿದವರು ಅವರೇ. ಭುಜ ಏಳಬಾರದು, ದವಡೆ ಬಿಗಿಯಬಾರದು, ಉಸಿರು ಪಕ್ಕೆಲುಬಿನ ಕೆಳಗಿನವರೆಗೆ ಇಳಿಯಬೇಕು. ಮೊದಲ ದಿನ ನನ್ನ ದನಿ ಕೇಳಿ, ಗಂಟಲಿನಿಂದ ಎಳೀಬೇಡ, ಬೆನ್ನಿನಿಂದ ತಾ ಎಂದಿದ್ದರು. ನನಗೊಂದು ಬೆನ್ನಿದೆಯೆಂದು ಶಾಲೆಯಲ್ಲಿ ನೆನಪಿಸುತ್ತಿದ್ದದ್ದು ಹೊಡೆಯುವಾಗ ಮಾತ್ರ. ಆ ಶಾಲೆಯನ್ನೂ ನಾನು ಅರ್ಧಕ್ಕೇ ಬಿಟ್ಟುಬಂದಿದ್ದೆ.

ಇಲ್ಲಿಗೆ ಕರೆತಂದವನು ಮಾವ, ಅಮ್ಮನ ಅಣ್ಣ. ಟೈಲರ್. ಕಣ್ಣು ಮಂಜಾಗಿ ಅಂಗಡಿ ಮುಚ್ಚಿದ ಮೇಲೆ ಅವನಿಗೆ ಉಳಿದದ್ದು ಅಭ್ಯಾಸದ ಈ ಸಂಜೆಗಳಷ್ಟೇ. ಕೆಳದನಿಯವರ ಸಾಲಿನ ತುದಿಯಲ್ಲಿ ಅವನು, ಪಕ್ಕದಲ್ಲಿ ನಾನು. ನಮ್ಮಾಚೆ ಔಷಧಿ ಅಂಗಡಿಯವನು ಮತ್ತು ಅವನ ತಮ್ಮ. ಅವರಿಬ್ಬರ ದನಿ ಸೇರಿಸಿದರೂ ಒಂದು ಸೊಳ್ಳೆಯಷ್ಟಾಗದು.

ಹಾಡಿನ ಕೊನೆಯಲ್ಲಿ ಉಳಿದವರೆಲ್ಲ ಮೇಲೆ ಹಾಡಿಕೊಂಡು ಹೋಗುತ್ತಾರೆ. ನಾವು ಕೆಳದನಿಯವರು ಒಂದೇ ಸ್ವರ ಹಿಡಿದು ಉದ್ದಕ್ಕೂ ನಿಲ್ಲಬೇಕು. ಅಷ್ಟು ಉದ್ದದ ಉಸಿರು ಯಾರಿಗೂ ಇರುವುದಿಲ್ಲ. ಅದಕ್ಕೇ ಅಕ್ಕಪಕ್ಕದವರು ಜೋಡಿ. ಒಬ್ಬ ಉಸಿರು ಎಳೆದುಕೊಳ್ಳುವಾಗ ಇನ್ನೊಬ್ಬ ಸ್ವರ ಹಿಡಿದಿರಬೇಕು. ಎಳೆದುಕೊಂಡವನು ಕಳ್ಳನ ಹಾಗೆ ಮೆಲ್ಲಗೆ ಒಳಗೆ ಸೇರಬೇಕು. ಸರದಿ ತಪ್ಪದಿದ್ದರೆ ಕೇಳುವವರಿಗೆ ಅದು ಉಸಿರಾಡದ ಒಂದೇ ದೊಡ್ಡ ಎದೆ.

ಈಚೆಗೆ ಮಾವ ತನ್ನ ಸರದಿಯಲ್ಲೂ ಉಸಿರು ಎಳೆದುಕೊಳ್ಳುತ್ತಿದ್ದ, ನನ್ನ ಸರದಿಯಲ್ಲೂ. ನಡುನಡುವೆ ಬರೀ ಬಾಯಿ ತೆರೆದು ನಿಲ್ಲುತ್ತಿದ್ದ. ಮೆಟ್ಟಿಲು ಹತ್ತುವಾಗ ಅರ್ಧದಲ್ಲಿ ನಿಂತು ಚಪ್ಪಲಿ ಸರಿಮಾಡಿಕೊಳ್ಳುವ ನಾಟಕ ಬೇರೆ. ಎದೆಯಲ್ಲಿ ಏನೋ ಕೆಟ್ಟಿತ್ತು. ಅತ್ತೆಗೂ ಹೇಳಿರಲಿಲ್ಲ. ನಾನು ಒತ್ತಾಯಿಸಿ ಕೇಳಿದಾಗ ಅಂದದ್ದಿಷ್ಟೇ:

“ಕಡ್ಡಿಗೆ ಗೊತ್ತಾದ್ರೆ ಅವತ್ತೇ ಕುರ್ಚಿ ಹಾಕಿ ಕೂರಿಸ್ತಾಳೆ ಕಣೋ. ನಾನು ಕೇಳೋಕೆ ಬರೋನಲ್ಲ, ಹಾಡೋಕೆ ಬರೋನು.”

ಹಿಂದೆ ಒಬ್ಬ ನರ್ಸಮ್ಮನನ್ನು ಮೇಡಂ ಹಾಗೇ ಕೂರಿಸಿದ್ದರು, ಬಹಳ ಗೌರವದಿಂದ. ಆಕೆ ಕೆಲವು ಸಂಜೆ ಬಂದು ಕೂತರು, ಆಮೇಲೆ ಬರಲೇ ಇಲ್ಲ.

ಹೀಗಾಗಿ ಇಬ್ಬರದನ್ನೂ ನಾನೊಬ್ಬನೇ ಹಾಡುತ್ತಿದ್ದೆ. ಉಸಿರಿಗೆ ಜಾಗವಿಲ್ಲದೆ ಕೊನೆಕೊನೆಗೆ ನನ್ನ ದನಿ ಉಬ್ಬಿ ಒರಟಾಗುತ್ತಿತ್ತು. ಅದೇ ಮೇಡಂ ಕಿವಿಗೆ ಬಿದ್ದದ್ದು. ಅವರ ಕಿವಿಯ ಮೇಲೆ ನನಗೇನೂ ದೂರಿಲ್ಲ.

ಬೈಸಿಕೊಂಡು ಮಾವನ ಕಡೆ ನೋಡಿದೆ. ಅವನು ನನ್ನ ಪರ ಮಾತಾಡಬೇಕಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು.

“ನಾನೂ ಹೇಳಿ ಹೇಳಿ ಸಾಕಾಯ್ತು ಮೇಡಂ,” ಎಂದ ಮಾವ. “ಓದೋದರಲ್ಲೂ ಹೀಗೇ ಮಾಡ್ದ. ಯಾವುದನ್ನೂ ನೆಟ್ಟಗೆ ಮಾಡಿದ ಆಸಾಮಿ ಅಲ್ಲ ಇವನು.”

ಮತ್ತೆ ನಗು. ನನಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ಸ್ಟ್ಯಾಂಡಿನಲ್ಲಿ ಇದರ ಅರ್ಧದಷ್ಟು ಮಾತಿಗೆ ಡ್ರೈವರೊಬ್ಬನ ಕಾಲರ್ ಹಿಡಿದವನು ನಾನು. ಇಲ್ಲಿ ಹಿಡಿಯಬೇಕಾದ ಕಾಲರ್ ಮಾವನದು. ನಾನು ತೊಟ್ಟ ಅಂಗಿಯ ಕಾಲರೂ ಅವನು ಹೊಲಿದದ್ದೇ.

ಮೇಡಂ ನನ್ನನ್ನು ಹಿಂದಿನ ಬೆಂಚಿಗೆ ಕಳಿಸಿದರು. ನಾನಿಲ್ಲದೆ ಒಮ್ಮೆ ಕೇಳಿ ನೋಡೋಣ ಎಂದರು. ಕಾರ್ಯಕ್ರಮ ಹತ್ತಿರವಾಗಿತ್ತು, ಅವರಿಗೂ ತಲೆ ಕೆಟ್ಟಿತ್ತು.

ಹಾಡು ಶುರುವಾಯಿತು. ಸಾಲಿನ ಹೊರಗೆ ಕೂತು ಅದನ್ನು ನಾನು ಕೇಳಿದ್ದು ಅಂದೇ ಮೊದಲು. ಚೆನ್ನಾಗಿತ್ತು, ಹಾಳಾದದ್ದು. ಕೊನೆಯ ಭಾಗ ಬಂತು. ಬೆಂಚಿನಿಂದ ನನಗೆ ಕಾಣುತ್ತಿದ್ದದ್ದು ಮಾವನ ಬೆನ್ನು ಮಾತ್ರ. ಭುಜ ಕಿವಿಯವರೆಗೆ ಎದ್ದಿತು. ಸ್ವಲ್ಪ ಹೊತ್ತು ಹಾಗೇ ನಡುಗಿತು. ಆಮೇಲೆ ಗೋಡೆಯಿಂದ ಇಟ್ಟಿಗೆ ಜಾರಿದ ಹಾಗೆ ದನಿಯಲ್ಲೊಂದು ತೂತು ಬಿತ್ತು. ಕಾಲಡಿಯ ನೆಲ ಹೋದಂತಾಗಿ ಮೇಲ್ದನಿಯ ಹೆಂಗಸರು ಶ್ರುತಿ ಬಿಟ್ಟು ಕೆಳಗೆ ಜಾರಿದರು. ಕೂತಲ್ಲೇ ನನ್ನ ಪಕ್ಕೆ ತಾನಾಗಿ ಹಿಗ್ಗಿತು, ತೂತು ತುಂಬಲು ಬಾಯಿ ತೆರೆಯಿತು. ಹಲ್ಲು ಕಚ್ಚಿ ಮುಚ್ಚಿಕೊಂಡೆ.

ಮೇಡಂ ನಿಲ್ಲಿಸಿ ಮತ್ತೆ ಹಾಡಿಸಿದರು. ಅದೇ ಜಾಗ, ಅದೇ ತೂತು. ಮಾವನಿಗೆ ಕೆಮ್ಮು ಬಂತು. ಅವರು ಕಡ್ಡಿಯನ್ನು ಕೀಬೋರ್ಡಿನ ಮೇಲಿಟ್ಟು, ಕೆಳದನಿಯವರ ಸಾಲನ್ನು ದಾಟಿ ನೇರ ನನ್ನ ಮುಂದೆ ಬಂದು ನಿಂತರು. ಈಗ ದನಿ ಏರಿಸಲಿಲ್ಲ.

“ನೀನು ಅಲ್ಲಿ ಉಸಿರೇ ಎಳ್ಕೊಳ್ತಿರ್ಲಿಲ್ಲ, ಅಲ್ವಾ? ಯಾಕೆ?”

ಕೆಳಗಿನ ಅಂಗಡಿಯಲ್ಲಿ ಯಾರೋ ಪಂಪು ಹೊಡೆಯುತ್ತಿದ್ದರು. ಎಲ್ಲರೂ ನನ್ನತ್ತ ತಿರುಗಿದ್ದರು. ಮಾವನೂ. ಮುಖ ಬೆವೆತು ಬಿಳಿಚಿಕೊಂಡಿತ್ತು. ಹಾಕಿದ್ದ ಗುಂಡಿಯನ್ನೇ ಬಿಚ್ಚಿ ಬಿಚ್ಚಿ ಹಾಕುತ್ತಿದ್ದ. ನನ್ನ ಒಂದು ಮಾತು ಸಾಕು, ಅವನು ಕುರ್ಚಿಯಲ್ಲಿ. ಅನುಭವಿಸಲಿ ಅನ್ನಿಸಿತು. ಕುರ್ಚಿ ನಾನೇ ತರ್ತೀನಿ ಮಾವ, ಕೂತ್ಕೋ ಅಂದುಬಿಡಬೇಕು ಅನ್ನಿಸಿತು. ನಾಲಿಗೆಯ ತುದಿಯಲ್ಲೇ ಇತ್ತು. ಹೇಳಲೆಂದೇ ಉಸಿರು ಎಳೆದುಕೊಂಡೆ, ಮೇಡಂ ಕಲಿಸಿದ ಹಾಗೆ, ಭುಜ ಏಳದಂತೆ, ಪಕ್ಕೆಲುಬಿನ ಕೆಳಗಿನವರೆಗೆ.

“ಕೇಳಿದ್ದಕ್ಕೆ ಉತ್ತರ ಕೊಡಪ್ಪ,” ಎಂದರು ಮೇಡಂ.

ಹಾಡಿನ ಹಾಳೆಯನ್ನು ಬೆಂಚಿನ ಮೇಲಿಟ್ಟೆ. ಎಳೆದುಕೊಂಡ ಉಸಿರನ್ನು ಬಿಡದೆ, ಮಾವನ ಪಕ್ಕದಲ್ಲೇ ಹಾದು ಬಾಗಿಲ ಕಡೆ ನಡೆದೆ.